ಬೆಳ್ಳಿ ನಾಣ್ಯದ ಸೊಸೆ

"ಅಲ್ಲಾಡಬೇಡ ಮಾರಾಯ್ತಿ, ಮೂಗು ಸೊಟ್ಟ ಬರುತ್ತೆ," ಎಂದ ಫೆಲಿಕಿಯೋ.

"ನನ್ನ ಮೂಗು ಇರೋದೇ ಸೊಟ್ಟ. ನೀನು ಜಡೆ ನೋಡೋ," ಎಂದಳು ಥಾಲ್ಲೂಸಾ.

"ಜಡೇನೇ ನೋಡ್ತಿದ್ದೀನಿ. ಕಣ್ಣು ತಾನಾಗಿ ಕೆಳಗೆ ಜಾರಿದ್ರೆ ನಾನೇನು ಮಾಡ್ಲಿ?"

ಅವಳ ಕೆನ್ನೆ ಕೆಂಪಾಯಿತು. ರೋಮಿನ ಸುಬುರಾ ಬೀದಿಯ ಗದ್ದಲ ಕಿಟಕಿಯ ಕೆಳಗೆ ಹರಿಯುತ್ತಿತ್ತು.

ಥಾಲ್ಲೂಸಾ ಸಿರಿವಂತ ಹೆಂಗಸರಿಗೆ ತಲೆ ಬಾಚುವವಳು. ಫೆಲಿಕಿಯೋ ರೋಮಿನ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುವವನು. ಚಕ್ರವರ್ತಿ, ಮಹಾರಾಣಿ, ಇಬ್ಬರು ರಾಜಕುಮಾರರು, ಎಲ್ಲರ ಮುಖವೂ ಬೆಳ್ಳಿ ನಾಣ್ಯದ ಮೇಲೆ ಬಂದಾಗಿತ್ತು. ಈಗ ಹೊಸ ಸೊಸೆಯ ಸರದಿ. ಅರಮನೆಯಿಂದ ಮುಖದ ಮಾದರಿ ಬಂದಿತ್ತು. ಜಡೆ ಮಾತ್ರ ಫೆಲಿಕಿಯೋಗೆ ಬಗ್ಗಲಿಲ್ಲ. ಮದುವೆಯ ದಿನ ಸೊಸೆಯ ತಲೆ ಹೆಣೆದವರಲ್ಲಿ ಥಾಲ್ಲೂಸಾ ಒಬ್ಬಳು. ಅವನಿಗಾಗಿ ಒಂಬತ್ತು ದಿನ ಅದೇ ಜಡೆಯನ್ನು ತನ್ನ ತಲೆಯ ಮೇಲೆ ಹೆಣೆದು, ಸೂಜಿ ದಾರದಿಂದ ಹೊಲಿದು, ಪಕ್ಕಕ್ಕೆ ತಿರುಗಿ ಕುಳಿತಳು.

ಕೊನೆಯ ದಿನ ಅವನು ಕಿವಿಯಲ್ಲಿ ಉಸುರಿದ: "ಮೂಗು ನಿಂದೇ ಇಟ್ಟಿದ್ದೀನಿ. ಯಾರಿಗೂ ಹೇಳ್ಬೇಡ. ದ್ರಾಕ್ಷಿ ಕೊಯ್ಲಿಗೆ ಮದುವೆ ಆಗೋಣ."

ನಾಣ್ಯ ಹೊರಬಂತು. ಜಡೆಯ ಒಂದೊಂದು ಎಳೆಯನ್ನೂ ಜನ ಹೊಗಳಿದರು. ಫೆಲಿಕಿಯೋ ಕೆತ್ತುವವರ ಮುಖ್ಯಸ್ಥನಾದ. ಅವಳ ಬಳಿ ಬರುವುದು ಕಡಿಮೆಯಾಯಿತು. "ಕೆಲಸ ಜಾಸ್ತಿ ಕಣೇ," ಎಂದ. ಅವಳು ನಂಬಿದಳು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಟಂಕಸಾಲೆಯ ಮೇಲ್ವಿಚಾರಕನ ಮನೆಯಿಂದ ಕರೆ ಬಂತು. ಅವನ ಮಗಳು ಆಲ್ಬಿಯಾಗೆ ಮದುವೆ. ರೋಮಿನ ಮದುವೆಯ ಪದ್ಧತಿಯಂತೆ ಈಟಿಯ ಮೊನೆಯಿಂದ ಬೈತಲೆ ತೆಗೆದು ಆರು ಜಡೆ ಹೆಣೆಯಬೇಕು.

ಹುಡುಗಿಗೆ ಬಾಯಿ ನಿಲ್ಲದು. ಅಂಗೈಯಲ್ಲಿದ್ದ ಹೊಸ ಬೆಳ್ಳಿ ನಾಣ್ಯವನ್ನು ಥಾಲ್ಲೂಸಾಳ ಕೈಗಿತ್ತಳು. "ಅಕ್ಕಾ, ಒಂದು ಗುಟ್ಟು ಹೇಳ್ಲಾ? ಈ ನಾಣ್ಯದಲ್ಲಿ ಸೊಸೆಗೆ ಇಟ್ಟಿರೋದು ನನ್ನ ಮೂಗಂತೆ! ನಮ್ಮವರು ಕದ್ದು ಕೆತ್ತಿದ್ದು."

"ನಿಮ್ಮವರು ಅಂದ್ರೆ?"

"ಫೆಲಿಕಿಯೋ. ಅಪ್ಪನ ಕೈಕೆಳಗೇ ಇದ್ದಾರೆ."

ಮೊನೆ ಕೂದಲಲ್ಲೇ ನಿಂತಿತು.

"ಯಾಕಕ್ಕಾ?"

"ಸಿಕ್ಕು ಇತ್ತು ತಾಯಿ."

ಥಾಲ್ಲೂಸಾ ನಾಣ್ಯವನ್ನು ಹುಡುಗಿಯ ಮುಖದ ಪಕ್ಕ ಹಿಡಿದಳು. ಅದು ಆಲ್ಬಿಯಾಳ ಮೂಗಲ್ಲ. ತನ್ನದೂ ಅಲ್ಲ. ಅರಮನೆಯಿಂದ ಬಂದ ಮಾದರಿಯ ಮೂಗನ್ನೇ ಅವನು ಹಾಗೇ ಇಳಿಸಿದ್ದ. ಕಣ್ಣು ಉರಿಯಿತು. ಕೂತ ಹುಡುಗಿ ಏನೂ ಅರಿಯದೆ ಕಾಲು ಕುಣಿಸುತ್ತಿದ್ದಳು. ಥಾಲ್ಲೂಸಾ ಆರು ಜಡೆಯನ್ನೂ ಹೆಣೆದಳು, ಎಂದೂ ಹೆಣೆಯದಷ್ಟು ಚೆನ್ನಾಗಿ.

ಹಿತ್ತಲ ಬಾಗಿಲಲ್ಲಿ ಮದುಮಗ ಓಡಿಬಂದು ಅಡ್ಡ ನಿಂತ. "ಅವಳಿಗೆ ಹೇಳಿದ್ಯಾ?"

"ಇಲ್ಲ."

ಅವನು ನೆಮ್ಮದಿಯ ಉಸಿರು ಬಿಟ್ಟದ್ದನ್ನು ಅವಳು ಕಂಡಳು. ಅದೇ ಹೆಚ್ಚು ಚುಚ್ಚಿತು.

"ಅಳಿಯ ಆಗೋಕೆ ಒಪ್ಪದಿದ್ರೆ ಮುಖ್ಯಸ್ಥನ ಜಾಗ ಸಿಗ್ತಿರಲಿಲ್ಲ ಥಾಲ್ಲೂಸಾ. ಮನಸ್ಸಲ್ಲಿ ನೀನೇ ಇರೋದು." ಹಾಗೆಂದವನೇ ಸೇರಿಸಿದ, "ಮಹಾರಾಣಿ ಜಡೆ ಬದಲಾಯ್ಸಿದ್ದಾರಂತೆ. ಹೊಸ ಅಚ್ಚು ಮಾಡ್ಬೇಕು. ನೀನು ಒಂದೆರಡು ದಿನ ಬಂದು ಕೂತ್ರೆ..."

ಅವಳಿಗೆ ಅಳು ಬರುವುದರಲ್ಲಿತ್ತು, ನಗು ಬಂತು.

"ನಿನ್ನ ಹೆಂಡ್ತಿ ತಲೇಲಿ ಆರು ಜಡೆ ಹೊಲ್ದಿದ್ದೀನಿ ಕಣೋ," ಎಂದಳು. "ಒಂದೊಂದಾಗಿ ಬಿಚ್ಚಿ ನೋಡು. ಇನ್ಮೇಲೆ ಅವಳನ್ನೇ ಕೂರಿಸ್ಕೊಂಡು ಕಲಿ."

ಬೀದಿಯ ತಿರುವು ದಾಟುವವರೆಗೂ ಅವಳು ಕಣ್ಣೊರೆಸಿಕೊಳ್ಳಲಿಲ್ಲ.