ಬೆಳ್ಳಕ್ಕಿ ಗರಿಯ ಸೀಸ

ನಡುರಾತ್ರಿ ದಿಂಬಿನಡಿಯಿಂದ ಫೋನ್ ಸಣ್ಣಗೆ ಗುಂಯ್ ಎಂದಿತು.

'ನಿಮ್ಮ ಗರಿಗಳ ಸೀಸದ ಅಂಕಿ ವರದಿಯಿಂದ ತೆಗೆದೀನಿ. ಬೆಳಿಗ್ಗೆ ಕರೂರಿಗೆ ಹೋಗ್ತೀನಿ.'

ಕಳಿಸಿದವನು ಸಿದ್ದಲಿಂಗೇಶ್. ಕುರುಗೋಡಿನವನು, ಹಕ್ಕಿಗರಿಯಲ್ಲಿ ಸೀಸ ಎಷ್ಟಿದೆಯೆಂದು ಬಳ್ಳಾರಿಯ ಲ್ಯಾಬಿನಲ್ಲಿ ಅಳೆಯುವವನು. ಗದ್ದೆ ಗದ್ದೆ ಅಲೆದು ಆ ಗರಿಗಳನ್ನು ಆರಿಸಿ ತಂದವಳು ಶ್ರೀಕೃತಿ.

ಬೆಳ್ಳಕ್ಕಿಯ ಮೈಯಲ್ಲಿ ಸೀಸವಿದ್ದರೆ ಅದು ಮೀನು ಹಿಡಿಯುವ ಗದ್ದೆಯ ನೀರಿನಲ್ಲೂ ಸೀಸ ಇರಬಹುದು. ಆ ನೀರಿನಲ್ಲೇ ಹೆಂಗಸರು ದಿನವಿಡೀ ನಿಂತು ಕಳೆ ಕೀಳುತ್ತಾರೆ. ಸೋಮವಾರ ಲ್ಯಾಬಿನ ಮೇಡಂಗೆ ವರದಿ ಒಪ್ಪಿಸಬೇಕು. ಈಗ ಇವನು ಅಂಕಿಯನ್ನೇ ತೆಗೆದುಹಾಕಿದ್ದಾನೆ!

ಯಾರ ಫೋನ್ ಬಂದಿರಬೇಕು ಇವನಿಗೆ? ಯಾರಿಗೆ ಹೆದರಿದ?

ವರ್ಷವಿಡೀ ನನ್ನ ಬುತ್ತಿ ಹಂಚಿಕೊಂಡು ಉಂಡವನು...

ಸಿರುಗುಪ್ಪದ ಮೊದಲ ಬಸ್ಸು ಹಿಡಿದು, ಅಲ್ಲಿಂದ ಕರೂರಿಗೆ ಬಂದಿಳಿದಳು. ಬೆಳ್ಳಕ್ಕಿಗಳು ತಂಗುವ ಜಾಲಿ ಮರದಡಿ ಅವನು ಉದುರಿದ ಗರಿಗಳನ್ನು ಆರಿಸಿ ಕಾಗದದ ಕವರಿಗೆ ಹಾಕುತ್ತಿದ್ದ.

"ಯಾರಿಗೆ ಮಾರಿದ್ರಿ ನನ್ನ ಅಂಕಿ?"

ಅವನು ತಲೆಯೆತ್ತಿದ. "ಕುಂದರ್ರಿ ಮೊದಲು."

"ಕುಂದ್ರಾಕ ಬಂದಿಲ್ಲ ನಾನು."

ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಹೋಗುತ್ತಿದ್ದ ಹೊನ್ನೂರಮ್ಮ ನಿಂತಳು. "ಗರಿ ಸಲುವಾಗಿ ಜಗಳ ಏನವ್ವಾ? ನಮ್ಮನ್ಯಾಗ ಕೋಳಿ ಗರಿ ಬೇಕಾದಷ್ಟು ಅದಾವು, ಕೊಡ್ತೀನಿ ಬಾ."

ಇಬ್ಬರೂ ನಗಲಿಲ್ಲ. ಹೊನ್ನೂರಮ್ಮ ದೂರ ಹೋಗುವವರೆಗೂ ಅವನು ಕಾದ.

"ಆಯುಧಪೂಜಿಗೆ ಲ್ಯಾಬಿನ ಕತ್ತರಿಗೆ ಕುಂಕುಮ ಹಚ್ಚಿದವರು ಯಾರು?"

"ನಾನ. ಅದಕ್ಕೇನೀಗ?"

"ಆಮ್ಯಾಲ ಅದೇ ಕತ್ತರೀಲೆ ಗರಿ ಕತ್ತರಿಸೀರಿ. ಆ ಕುಂಕುಮಾನೂ ಅಳದು ನೋಡಿದೆ. ಅದರಾಗ ಭಾಳ ಸೀಸ ಐತಿ. ಕತ್ತರಿ ತಾಗದ ಗರಿಯೊಳಗ ಅಷ್ಟಿಲ್ಲ."

ಅವಳ ಕಿವಿ ಬಿಸಿಯಾಯಿತು. ಅಂದು ಅಮ್ಮ ಪೊಟ್ಟಣ ಕಟ್ಟಿಕೊಟ್ಟಿದ್ದಳು. ಯಾವುದೋ ಅಗ್ಗದ ಕುಂಕುಮ...

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಮೇಡಂ ಮುಂದ ನಿಮ್ಮ ತಪ್ಪು ಅಂತ ಬರಿಯಾಕ ಮನಸ್ಸು ಬರ್ಲಿಲ್ಲ. ಹೊಸಾ ಗರಿ ಅಳದು ಸುಮ್ನಾಗಿಬಿಡೋಣ ಅಂತ..."

ಈಗ ಅವಳ ಸಿಟ್ಟು ನೆತ್ತಿಗೇರಿತು.

"ನನ್ನ ತಪ್ಪು ಮುಚ್ಚಾಕ ನೀವ್ಯಾರು? ನಾಳೆ ಖರೇನ ಸೀಸ ಸಿಕ್ರ ಈ ಮಂದಿ ನಮ್ಮನ್ನ ನಂಬಬೇಕಲ್ಲ? ಇವತ್ತ ಮೇಡಂಗ ನಾನ ಹೇಳ್ತೀನಿ, ಎಲ್ಲಾ."

"ಬೈತಾರ."

"ಬೈಲಿ."

ಅವನು ನೆಲ ನೋಡಿದ. "ನಿಮ್ಮನ್ನ ಯಾರಾರ ಬೈದ್ರ ನನಗ ತಡಿಯಾಕ ಆಗಲ್ಲ. ಅಷ್ಟ."

"ಅಷ್ಟ ಏನು?"

"ಇಲ್ಲ... ನೀವಂದ್ರ ನನಗ ಜೀವ. ವರ್ಷಾತು."

"ಅದನ್ನೂ ಮುಚ್ಚಿಟ್ಟಿದ್ರೇನು?"

ಸಿಟ್ಟಿನಲ್ಲೇ ಅವನೆದುರು ಕುಳಿತಳು. ಕೆಸರಾದ ಅವನ ಕೈಯನ್ನು ಎಳೆದು ತನ್ನೆರಡು ಕೈಗಳಲ್ಲಿ ಬಿಗಿಯಾಗಿ ಹಿಡಿದಳು. ಮೇಲೆ ಬೆಳ್ಳಕ್ಕಿಯೊಂದು ರೆಕ್ಕೆ ಬಡಿಯಿತು. ಅವಳು ಕೈ ಬಿಡಲಿಲ್ಲ.

"ಇನ್ನೊಮ್ಮೆ ನನ್ನಿಂದ ಏನಾರ ಮುಚ್ಚಿಟ್ರ ನೋಡ್ರಿ."

"ಇಡಂಗಿಲ್ಲ." ಅವನು ಅಳುಕುತ್ತ ಕೇಳಿದ, "ಮೇಡಂಗ ಇದನ್ನೂ ಹೇಳ್ತೀರೇನು?"

"ತಪ್ಪು ಮಾಡಿದ್ದು ಹೇಳ್ಬೇಕು. ಇದನ್ಯಾಕ ಹೇಳ್ಬೇಕು?"

ಮೇಡಂಗಿಲ್ಲ, ಗೆಳತಿಯರಿಗಿಲ್ಲ. ಇವನ ಹೆಸರು ಕೇಳಿದರೆ ಮೊದಲು ಕುಲ ಕೇಳುವ ಅಮ್ಮನಿಗಂತೂ ಇಲ್ಲ. ಈ ಬೆಳಗಿನ ಮಾತು ಯಾರಿಗೂ ಹೇಳುವುದಿಲ್ಲವೆಂದು ಅವಳು ಅಲ್ಲೇ ತೀರ್ಮಾನಿಸಿದಳು.