ಮಂಚದ ಕೆಳಗಿನ ಪಾರ್ಸೆಲ್‌ಗಳು

"ಎಸ್ತೇರ್ ರಾಣಿ ಅಂದ್ರ ನೀವಾ?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಪಾರ್ಸೆಲ್ ಇತ್ತು. ಬೆನ್ನಿಗೆ ಅವನಿಗಿಂತ ದೊಡ್ಡ ಚೀಲ. ಎಸ್ತೇರ್ ಅವನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಗುರುತು ಸಿಕ್ಕಿತು...

ಅಯ್ಯೋ ದೇವರೇ! ಇವನು ಬೆಳಿಗ್ಗೆ ಚರ್ಚಿನಲ್ಲಿ ಢೋಲಕ್ ಬಾರಿಸುತ್ತಿದ್ದವನಲ್ಲವೇ?

ಹೌದು, ಅವನೇ. ಚರ್ಚಿಗೂ ಈ ಓಣಿಯ ಪಾರ್ಸೆಲ್ ಕೆಲಸಕ್ಕೂ ಹೊಸಬ. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಆ ಪುಟ್ಟ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬುಧವಾರ ಒಬ್ಬೊಬ್ಬರೂ ಎದ್ದು ನಿಂತು, ಹಬ್ಬದವರೆಗೆ ತಾವೇನು ಬಿಡುತ್ತೇವೆ ಎಂದು ಸಭೆಯ ಮುಂದೆ ಹೇಳಬೇಕು. ಒಬ್ಬರು ಮಾಂಸ ಬಿಡುತ್ತಾರೆ, ಒಬ್ಬರು ಚಹಾ. ಎಸ್ತೇರಳ ಪಕ್ಕದ ಮನೆಯ ಸಾವಂತ್ರಮ್ಮ ಪ್ರತಿ ವರ್ಷ ಧಾರಾವಾಹಿ ಬಿಡುತ್ತಾಳೆ, ಮೂರನೇ ದಿನಕ್ಕೆ ಮತ್ತೆ ಹಿಡಿಯುತ್ತಾಳೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಈ ಸಲ ಎಸ್ತೇರ್ ಎದ್ದು, ಹಬ್ಬದ ತನಕ ಏನೂ ಕೊಳ್ಳುವುದಿಲ್ಲ ಎಂದು ಹರಕೆ ಹೇಳಿದ್ದಳು.

ಹೇಳಿ ಹನ್ನೆರಡು ಗಂಟೆ ಕೂಡ ಆಗಿರಲಿಲ್ಲ.

"ಮೊನ್ನಿ ಮಾಡಿದ ಆರ್ಡರ್ ಇರಬೇಕ್ರಿ ಇದು," ಅಂದ ಅವನು, ಅವಳ ಪರವಾಗಿ ತಾನೇ ವಾದಿಸುವವನಂತೆ.

"ಹೌದ್ರಿ. ಮೊನ್ನಿದು."

ಅದು ನಿಜವೂ ಆಗಿತ್ತು. ಅವಳು ಒಟಿಪಿ ಹೇಳಿದಳು, ಅವನು ಗಾಡಿ ಹತ್ತಿ ಹೋದ. ಬಾಗಿಲು ಹಾಕಿಕೊಂಡ ಮೇಲೆ ತನ್ನ ಕಿವಿ ಬಿಸಿಯಾಗಿರುವುದು ಎಸ್ತೇರ್‌ಗೆ ತಿಳಿಯಿತು. ನಾಚಿಕೆಯೇ ಇದು? ಎಂಟು ತಿಂಗಳಲ್ಲಿ ಅವಳ ಮೈಗೆ ಏನಾದರೂ ಇಷ್ಟು ತಾಕಿದ್ದು ಅದೇ ಮೊದಲು.

ಎಂಟು ತಿಂಗಳ ಹಿಂದೆ ಅವಳ ತಾಯಿ ತೀರಿಕೊಂಡಿದ್ದಳು. ಎಸ್ತೇರ್ ಅಳಲಿಲ್ಲ. ಮಣ್ಣು ಹಾಕುವಾಗಲೂ ಅಳಲಿಲ್ಲ. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಸಿದ್ಧವಾದ ಪ್ಯಾಂಟುಗಳ ಜಿಪ್ಪು, ಗುಂಡಿ ಪರೀಕ್ಷಿಸುವುದು ಅವಳ ಕೆಲಸ. ನಾಲ್ಕನೇ ದಿನಕ್ಕೇ ಹೋಗಿ ಕೂತಳು. ಸಾರಿಗೆ ಎರಡು ಸಲ ಉಪ್ಪು ಬಿದ್ದರೂ ಅವಳ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಚಿನ್ನಪ್ಪ ಸುಮ್ಮನೆ ಉಂಡು, ಎರಡು ಚೊಂಬು ನೀರು ಕುಡಿದು ಮಲಗುತ್ತಿದ್ದ.

ಒಂದು ದಿನ ಫೋನಿನಲ್ಲಿ ಗಾಜಿನ ಲೋಟಗಳ ಚಿತ್ರ ಕಂಡಿತು. ಬೆರಳು ತಾನಾಗಿ ಒತ್ತಿತು. ಪಾರ್ಸೆಲ್ ಬರುವ ದಿನ ಎದೆಯೊಳಗೆ ಏನೋ ಸ್ವಲ್ಪ ಅಲುಗಾಡಿದ ಹಾಗಾಯಿತು. ಟೇಪು ಕತ್ತರಿಸುವವರೆಗೆ ಅದಿತ್ತು, ಕತ್ತರಿಸಿದ ಮೇಲೆ ಇರಲಿಲ್ಲ. ಹಾಗಾಗಿ ಇನ್ನೊಂದು ತರಿಸಿದಳು. ಆಮೇಲೆ ಚಪ್ಪಲಿ, ದೀಪದ ಮಾಲೆ, ಆಡುವವರೇ ಇಲ್ಲದ ಮನೆಗೆ ಕೇರಂ ಬೋರ್ಡು...

ಚರ್ಚಿನ ಪಾಸ್ಟರನ್ನು ಎಲ್ಲರೂ ಅಯ್ಯನವರು ಎನ್ನುತ್ತಾರೆ. ಅಯ್ಯನವರು ಲೋಕದ ಆಸೆಗಳ ಬಗ್ಗೆ ಪ್ರಸಂಗ ಮಾಡಿದ ಭಾನುವಾರ ಎಸ್ತೇರ್ ಕೂತಲ್ಲೇ ನಡುಗಬೇಕಿತ್ತು. ನಡುಗಲಿಲ್ಲ. 'ನನಗೆ ಆಸೆ ಎಲ್ಲಿದೆ? ಬರೀ ಸಾಮಾನಿದೆ' ಎಂದುಕೊಂಡಳು. ಕೊಂಡರೆ ಏನೂ ಅನ್ನಿಸುತ್ತಿಲ್ಲ, ಬಿಟ್ಟರಾದರೂ ಅನ್ನಿಸೀತು ಎಂದೇ ಆ ಹರಕೆ ಹೇಳಿದ್ದು.

ಅನ್ನಿಸಿತು, ಆದರೆ ಬೇರೆ ಕಡೆಯಿಂದ! ಮರುದಿನವೇ ಅವಳು ಕೂದಲಿನ ಕ್ಲಿಪ್ಪಿಗೆ ಆರ್ಡರ್ ಹಾಕಿದಳು. ಕ್ಲಿಪ್ಪು ಬೇಕಾಗಿರಲಿಲ್ಲ. ಅದನ್ನು ತರುವವನು ಬೇಕಾಗಿತ್ತು.

ಅವನ ಹೆಸರು ದೇವಪುತ್ರ. ಸಿರುಗುಪ್ಪದವನು, ಅಲ್ಲಿ ತಾಯಿ ಇದ್ದಾಳೆ, ಇಲ್ಲಿ ರೂಮು ಮಾಡಿಕೊಂಡು ಕೊರಿಯರ್ ಕೆಲಸ ಮಾಡುತ್ತಾನೆ. ಇಷ್ಟು ತಿಳಿಯಲು ಎಸ್ತೇರ್‌ಗೆ ಆರು ಪಾರ್ಸೆಲ್ ಬೇಕಾದವು. ಏಳನೆಯದು ತಂದ ದಿನ ಅವನು ನೀರು ಕೇಳಿದ. ಒಂಬತ್ತನೆಯದರ ದಿನ, ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದನ್ನು ಕಂಡಳು. ಪಾರ್ಸೆಲ್‌ಗಳನ್ನು ಬಿಚ್ಚುವ ಗೋಜಿಗೇ ಈಗ ಅವಳು ಹೋಗುತ್ತಿರಲಿಲ್ಲ, ಮಂಚದ ಕೆಳಗೆ ತಳ್ಳುತ್ತಿದ್ದಳು. ಬಾಗಿಲು ತೆರೆಯುವ ಆ ಒಂದು ನಿಮಿಷ ಬಿಟ್ಟರೆ ಉಳಿದ ದಿನವೆಲ್ಲ ಮೊದಲಿನ ಹಾಗೇ ಮರಗಟ್ಟಿತ್ತು.

ಹರಕೆ ಮುರಿದಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಒಳಗೆ ಚುಚ್ಚುತ್ತಿರಲಿಲ್ಲ, ಅದೇ ಅವಳಿಗೆ ಭಯ.

ಹನ್ನೊಂದನೆಯದನ್ನು ಕೊಡುವಾಗ ದೇವಪುತ್ರನ ಕಣ್ಣು ಒಳಗೆ ಹೋಯಿತು. ಮಂಚದ ಕೆಳಗೆ ಟೇಪು ಹಾಕಿದಂತೆಯೇ ಇದ್ದ ಡಬ್ಬಿಗಳ ಸಾಲು ಅವನಿಗೆ ಕಂಡಿತು. ಅವನ ನಗು ಆರಿತು.

"ಒಂದೂ ಬಿಚ್ಚಿಲ್ಲಲ್ರಿ..."

ಎಸ್ತೇರ್ ಬಾಗಿಲನ್ನು ಅರ್ಧ ಮುಚ್ಚಿದಳು. ನಿಮ್ಮನ್ನು ನೋಡಲು ತರಿಸಿದೆ ಎನ್ನುವುದೇ?

ಉಪವಾಸ ಕಾಲದಲ್ಲಿ ಸಂಜೆಯ ಪ್ರಾರ್ಥನೆ ದಿನಕ್ಕೊಬ್ಬರ ಮನೆಯಲ್ಲಿ ನಡೆಯುತ್ತದೆ. ಆ ಮಂಗಳವಾರ ಸಾವಂತ್ರಮ್ಮನ ಮನೆ. ಹಾಡು, ಬೈಬಲ್ ವಾಕ್ಯ ಮುಗಿದ ಮೇಲೆ, ಯಾರದಾದರೂ ಪ್ರಾರ್ಥನೆಯ ಕೋರಿಕೆ ಇದೆಯೇ ಎಂದು ಅಯ್ಯನವರು ಕೇಳಿದರು. ಮೊಣಕಾಲು ನೋವು, ಮಗಳ ಪರೀಕ್ಷೆ, ಅಳಿಯನ ಕುಡಿತ, ಎಲ್ಲ ಬಂದವು. ಹೆಸರು ಹೇಳದೆ ಬೇರೆಯವರ ಕಷ್ಟವನ್ನೂ ಹೇಳಬಹುದು. ಹೆಸರು ಹೇಳದಿದ್ದರೆ ಇಡೀ ಓಣಿ ಇನ್ನೂ ಬೇಗ ಪತ್ತೆ ಹಚ್ಚುತ್ತದೆ ಎಂಬುದು ಮಾತ್ರ ದೇವಪುತ್ರನಿಗೆ ಹೊಳೆಯಲಿಲ್ಲ. ಅವನು ಢೋಲಕ್ ಬದಿಗಿಟ್ಟ.

"ಒಬ್ಬ ಸಹೋದರಿಗೋಸ್ಕರ ಪ್ರಾರ್ಥನಿ ಮಾಡ್ರಿ. ಪಾರ್ಸಲ್ ಮ್ಯಾಲೆ ಪಾರ್ಸಲ್ ತರಸ್ತಾರ, ಬಿಚ್ಚಂಗಿಲ್ಲ. ಹರಕಿ ಮಾಡಿ ಮುರದಾರ. ಒಳಗ ಏನೋ ನೋವೈತಿ ಅವರಿಗೆ. ದೇವರು ಬಿಡಿಸ್ಲಿ."

ಇಪ್ಪತ್ತು ತಲೆಗಳು ಒಮ್ಮೆ ಎಸ್ತೇರ್ ಕಡೆ ತಿರುಗಿ, ಆಮೇಲೆ ಪ್ರಾರ್ಥನೆಗೆಂದು ಬಗ್ಗಿದವು. ಅವಳು ಎದ್ದು ಹೊರಗೆ ಬಂದಳು.

ಮರುದಿನ ಸಾವಂತ್ರಮ್ಮ ಮಿರ್ಚಿ ಭಜಿ ಹಿಡಿದುಕೊಂಡು ಸಮಾಧಾನ ಹೇಳಲು ಬಂದಳು. ಹೋಗುವಾಗ ಯಾವ ಆ್ಯಪಿನಲ್ಲಿ ತರಿಸುತ್ತೀ ಎಂದು ಕೇಳಿ, ಫೋನಿನಲ್ಲಿ ಹಾಕಿಸಿಕೊಂಡೇ ಹೋದಳು. ಆ ಸಂಜೆ ಪಾರ್ಸೆಲ್ ತಂದವನು ಬೇರೆಯವನು. ದೇವಪುತ್ರ ತಾನಾಗಿ ಕೇಳಿ ಕುರುಗೋಡು ಕಡೆ ಪಾರ್ಸೆಲ್ ಹಂಚುವ ಲೈನಿಗೆ ಹಾಕಿಸಿಕೊಂಡನಂತೆ.

ಅಂದರೆ ಹೇಳುವುದನ್ನು ಹೇಳಿ ಓಡಿಹೋದ!

ಎಸ್ತೇರ್‌ಗೆ ಸಿಟ್ಟು ಬಂತು. ಎಂಥ ಸಿಟ್ಟು... ಕಾರ್ಖಾನೆಯಲ್ಲಿ ಎಳೆದು ನೋಡಿದ ಗುಂಡಿಗಳಲ್ಲಿ ಮೂರು ಕಿತ್ತು ಕೈಗೇ ಬಂದವು. ಮೇಲ್ವಿಚಾರಕ ಬೈದ, ಅವಳು ತಿರುಗಿ ಬೈದಳು. ಅಕ್ಕಪಕ್ಕದವರು ಹೊಲಿಗೆ ನಿಲ್ಲಿಸಿ ನೋಡಿದರು.

ಶನಿವಾರದ ಪ್ರಾರ್ಥನೆ ಸಿರುಗುಪ್ಪದಲ್ಲಿ, ದೇವಪುತ್ರನ ತಾಯಿಯ ಮನೆಯಲ್ಲಿ ಎಂದು ಮೊದಲೇ ಗೊತ್ತಾಗಿತ್ತು. ಎಲ್ಲರೂ ಹೊರಟ ಕ್ರೂಸರ್ ಗಾಡಿಗೆ ಎಸ್ತೇರ್ ಕೂಡ ಹತ್ತಿದಳು. ಹೆಂಗಸರು ಜರುಗಿ ಜಾಗ ಕೊಟ್ಟರು, ಬೇಕಾದದ್ದಕ್ಕಿಂತ ಹೆಚ್ಚೇ ಕೊಟ್ಟರು. ಕಾಲುವೆ ನೀರಿನ ಭತ್ತದ ಗದ್ದೆ, ಅಕ್ಕಿ ಗಿರಣಿ ಎಲ್ಲ ಹಿಂದೆ ಸರಿದವು. ಅವಳು ಆಡಬೇಕಾದ ಮಾತನ್ನು ಒಳಗೊಳಗೇ ಮಸೆಯುತ್ತಿದ್ದಳು.

ಅವಳನ್ನು ಕಂಡು ದೇವಪುತ್ರನ ತಾಳ ತಪ್ಪಿತು. ಅಯ್ಯನವರು ಕೋರಿಕೆ ಕೇಳಿದ್ದೇ ತಡ, ಎಸ್ತೇರ್ ಎದ್ದು ನಿಂತಳು. ಅವನ ಹೆಸರು ಹೇಳಿ ಬೈಯುವುದೆಂದೇ ಬಂದಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ಮಂಗಳವಾರ ಪ್ರಾರ್ಥನಿ ಮಾಡಿದ್ರಲ್ಲ, ಆ ಸಹೋದರಿ ನಾನ. ಹೆಸರು ಹಿಡದ ಮಾಡ್ರಿ. ಹರಕಿ ಮುರದೀನಿ, ಖರೆ. ನಮ್ಮವ್ವ ಹೋದಾಗಿಂದ ನನಗ ಏನೂ ಅನಸವಲ್ದು. ಅಳೂನೂ ಬರವಲ್ದು. ಏನರ ಅನಸಲಿ ಅಂತ ಕೊಂಡೆ. ಅದಕ್ಕ ಪ್ರಾರ್ಥನಿ ಮಾಡ್ರಿ."

ಈ ಸಲ ಯಾರೂ ತಲೆ ತಿರುಗಿಸಲಿಲ್ಲ. ಸಾವಂತ್ರಮ್ಮ ಅವಳ ಕೈ ಹಿಡಿದು, ತಾನು ಧಾರಾವಾಹಿ ನೋಡಿದ್ದನ್ನೂ ಸೇರಿಸಿಕೊಂಡು, ಗಟ್ಟಿಯಾಗಿ ಪ್ರಾರ್ಥಿಸಿದಳು.

ಒಳಗೆ ಚಹಾ ಕೊಡುವಾಗ ಎಸ್ತೇರ್ ಹಿತ್ತಲಿಗೆ ಬಂದು ನಿಂತಳು. ದೇವಪುತ್ರ ಹಿಂದೆಯೇ ಬಂದ.

"ತಪ್ಪಾತ್ರಿ. ಹೆಸರು ಹೇಳದಿದ್ರ ಸಾಕು ಅನಕೊಂಡಿದ್ದೆ."

"ನನ್ನ ಕೇಳಬಹುದಿತ್ತಲ್ಲ. ಬಾಗಿಲ ಮುಂದ ಅಷ್ಟು ದಿನ ನಿಂತ್ರಿ."

"ಹೆದರಿಕಿ." ಅವನು ನೆಲ ನೋಡಿದ. "ಮುಂಜಾನಿ ಪಾರ್ಸಲ್ ಹಂಚುವಾಗ ಮೊದಲ ನಿಮ್ಮ ಹೆಸರ ಹುಡುಕ್ತಿದ್ದೆ ನಾನು. ಇದ್ರ ಆ ದಿನ ಖುಷಿ. ಆ ಡಬ್ಬಿ ಕಂಡಾಗ, ನಿಮ್ಮ ನೋವಿನಾಗ ನಾನು ಖುಷಿ ಪಡಾಕತ್ತೀನಲ್ಲ ಅಂತ ನನಗ ಹೇಸಿಕಿ ಬಂತು. ಅದಕ್ಕ ಪ್ರಾರ್ಥನಿ ಕೇಳಿದ್ದು, ಅದಕ್ಕ ಲೈನ್ ಬಿಟ್ಟಿದ್ದು."

ಎಸ್ತೇರಳ ಸಿಟ್ಟು ಎಲ್ಲಿ ಹೋಯಿತೋ!

"ಮೊದಲಿಂದು ಬಿಡ್ರಿ, ಅದು ನನ್ನ ಚಟ. ಆಮ್ಯಾಲೆ ತರಿಸಿದ್ದೆಲ್ಲ... ನೀವು ಬರಲಿ ಅಂತ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂತು. ಇವನಿಗಾಗಿಯೋ, ಅವ್ವನಿಗಾಗಿಯೋ ಅವಳಿಗೇ ತಿಳಿಯಲಿಲ್ಲ. ಎಂಟು ತಿಂಗಳದ್ದು ಒಟ್ಟಿಗೇ ಬಂತು. ದೇವಪುತ್ರ ಅವಳನ್ನು ಮುಟ್ಟಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಅಳು ನಿಲ್ಲುವ ತನಕ ಅಲ್ಲೇ ನಿಂತಿದ್ದ.

"ನಾಳೆನ ಬರ್ತೀನಿ," ಅಂದ ಕೊನೆಗೆ. "ನಿಮ್ಮಪ್ಪನ ಕೂಡ ಮಾತಾಡ್ತೀನಿ."

ಬರ್ರಿ ಎಂಬ ಮಾತು ಅವಳ ತುಟಿಯವರೆಗೆ ಬಂದಿತ್ತು. ಬೇಕೆಂದ ಎರಡು ದಿನಕ್ಕೆ ಬಾಗಿಲಿಗೆ ಬಂದು, ಕೈಗೆ ಸಿಕ್ಕ ಕೂಡಲೇ ಸಪ್ಪಗಾದದ್ದೆಲ್ಲ ನೆನಪಾಯಿತು. ಇದು ಹಾಗಾಗಬಾರದು ಎನ್ನಿಸಿತು.

"ಬ್ಯಾಡ್ರಿ. ಈಸ್ಟರಿಗೆ ಇನ್ನೂ ಹದಿನೈದು ದಿನ ಐತಿ. ಆವತ್ತ ಬರ್ರಿ."

ಅವನ ಮುಖ ಇಳಿಯಿತು. "ಸಿಟ್ಟು ಹೋಗಿಲ್ಲೇನ್ರಿ?"

"ಹೋಗೈತಿ. ಹರಕಿ ಉಳದಷ್ಟರ ಹಿಡೀತೀನಿ. ಬೇಕು ಅನ್ನಿಸಿದ್ದಕ್ಕ ಒಮ್ಮಿಯರ ಕಾಯಬೇಕು ನಾನು."

"ಹದಿನೈದು ದಿನ ಅಂದ್ರ ಭಾಳ ಆತು... ನಿಮಗ ಕಷ್ಟ ಆಗಂಗಿಲ್ಲೇನು?"

ಎಸ್ತೇರ್ ವೇಲಿನಿಂದ ಕಣ್ಣು ಒರೆಸಿಕೊಂಡು, ಅವನನ್ನೇ ನೋಡುತ್ತಾ ನಕ್ಕಳು.

"ಆಗ್ತೈತಿ," ಅಂದಳು. "ಈಗ್ಲೇ ಆಗಾಕತ್ತೈತಿ."