ಸೂಜಿಯ ಮೂರನೇ ಚೂರು

ಕತ್ತರಿ ನನ್ನ ಕುತ್ತಿಗೆಯ ಮೇಲಿತ್ತು.

ಬಟ್ಟೆ ಕತ್ತರಿಸುವ ಹನ್ನೆರಡು ಇಂಚಿನ ಕತ್ತರಿ. ಹಿಡಿದ ಕೈ ನಡುಗುತ್ತಿರಲಿಲ್ಲ. ನಡುಗುವ ಕೈಗೆ ನಾನು ಹೆದರುವವನಲ್ಲ ಸ್ವಾಮಿ... ನಡುಗದ ಕೈಗೆ ಹೆದರುತ್ತೇನೆ!

"ಅಲ್ಲಾಡಿದ್ರೆ ಸೀಳ್ತೀನಿ," ಎಂದಳು ಸೂಜಿಯಕ್ಕ.

"ಸೀಳಕ್ಕ. ಕಾಲರ್ ಬಿಟ್ಟು ಸೀಳು. ಶರ್ಟ್ ಹೊಸದು."

ನಗಲಿಲ್ಲ.

ಫ್ಯಾಕ್ಟರಿಯ ಹಿಂದಿನ ಚಿಂದಿ ಗೋಡೌನು. ಸುತ್ತ ಆಳೆತ್ತರ ಬಟ್ಟೆಯ ಚೂರು. ಮೇಲೆ ಕಾದ ತಗಡು. ಸಾಯಲು ಇದಕ್ಕಿಂತ ಒಳ್ಳೆಯ ಜಾಗಗಳಿವೆ.

ನನ್ನ ಕೆಲಸ ಸರಳ. ದೊಡ್ಡವರು ಕಳೆದುಕೊಂಡದ್ದನ್ನು ಹುಡುಕಿಕೊಡುವುದು. ಸಿಗಬಾರದ್ದನ್ನು ಕಳೆದುಹಾಕುವುದು. ಆ ದಿನ ಬೆಳಿಗ್ಗೆ ಫ್ಯಾಕ್ಟರಿ ಮಾಲೀಕ ಫೋನ್ ಮಾಡಿದ್ದ.

"ಸೂಜಿ ಪುಸ್ತಕದ ಹಾಳೆ ಕಣಯ್ಯ. ಸೂಜಿ ಕೊಡೋ ಹೆಂಗಸು ಹರ್ಕೊಂಡು ಹೋಗಿದಾಳೆ."

"ಒಂದು ಹಾಳೆಗೆ ನಾನಾ ಸಾರ್?"

"ಅದು ನನ್ನ ಕುತ್ತಿಗೆಗೆ ಬರುತ್ತೆ!"

ಗಾರ್ಮೆಂಟ್ಸ್‌ನಲ್ಲಿ ಒಂದು ರೂಲ್ಸ್ ಇದೆ. ಮಿಷನ್ನಿನ ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗಬೇಕು. ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಬೇಕು. ಯಾರ ಮಿಷನ್ನು, ಎಷ್ಟು ಹೊತ್ತು, ಯಾರ ಸಹಿ... ಎಲ್ಲ ಬರೆಯಬೇಕು. ಅಂಗಡಿಯಲ್ಲಿ ಶರ್ಟು ಕೊಂಡವರಿಗೆ ಚುಚ್ಚಬಾರದಲ್ಲ! ಒಂದು ಚೂರು ಸಿಗದಿದ್ದರೂ ಯಾರೂ ಹೊರಗೆ ಹೋಗುವಂತಿಲ್ಲ. ಸೂಪರ್‌ವೈಸರ್ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಾನೆ.

ಹಿಂದಿನ ಗುರುವಾರ, ಮೂರು ಗಂಟೆಗೆ, ಸೂಜಿಯಕ್ಕನ ತಂಗಿಯ ಸೂಜಿ ಮೂರು ತುಂಡಾಯಿತು. ಎರಡು ಸಿಕ್ಕವು.

ಚಿಲಕ ಬಿತ್ತು.

ಮೂರೂವರೆಗೆ ಕೆಳಗೆ, ಬಟ್ಟೆಗೆ ಬಣ್ಣ ಹಾಕುವ ಬಣ್ಣದ ಮನೆಯಲ್ಲಿ, ಪೈಪು ಒಡೆಯಿತು. ಕೆಮಿಕಲ್ ಹೊಗೆ ಮೇಲೇರಿತು. ಚಿಲಕ ತೆಗೆದದ್ದು ನಾಲ್ಕಕ್ಕೆ. ಮೂವತ್ತು ಜನ ಕೆಮ್ಮುತ್ತ ಹೊರಬಂದರು. ತಂಗಿ ಬರಲಿಲ್ಲ.

"ಅವಳು ಸೋಮವಾರವೇ ಕೆಲಸ ಬಿಟ್ಟಿದ್ಲು," ಎಂದ ಮಾಲೀಕ. "ಎಲ್ಲಿ ಸತ್ತಳೋ ಯಾರಿಗೆ ಗೊತ್ತು!" ಹಾಜರಿ ಪುಸ್ತಕ ಹೊಸದಾಯಿತು. ಕ್ಯಾಮೆರಾ ಕೆಟ್ಟುಹೋಯಿತು. ಕೆಲಸ ಹೋಗುವ ಭಯಕ್ಕೆ ಮೂವತ್ತು ಬಾಯಿಗೂ ಚಿಲಕ ಬಿತ್ತು. ಅವಳು ಗುರುವಾರ ಆ ಕೋಣೆಯಲ್ಲಿದ್ದಳು ಎಂದು ಹೇಳುವುದು ಲೋಕದಲ್ಲಿ ಒಂದೇ ಒಂದು ಹಾಳೆ.

ಅದು ಸೂಜಿಯಕ್ಕನ ರವಿಕೆಯಲ್ಲಿತ್ತು. ಅವಳ ಕತ್ತರಿ ನನ್ನ ಕುತ್ತಿಗೆಯಲ್ಲಿತ್ತು.

ಬೊಗಸೆ ತುಂಬ ಚಿಂದಿ ಧೂಳು ತೆಗೆದು ಅವಳ ಕಣ್ಣಿಗೆ ಎರಚಿದೆ!

ಕತ್ತರಿ ಕಿವಿ ಸವರಿಕೊಂಡು ಹೋಯಿತು. ಅವಳು ಓಡಿದಳು. ಬಣ್ಣದ ಮನೆ ಹಾದು, ಜಾರುವ ನೆಲ ದಾಟಿ, ಹಿಂದಿನ ಹಳ್ಳಕ್ಕೆ ಇಳಿದಳು. ನಾನೂ ಇಳಿದೆ. ನೀರು ಕಡುನೀಲಿ. ಈ ಸಲ ಅಂಗಡಿಗೆ ಯಾವ ಬಣ್ಣ ಬರುತ್ತದೆ ಎಂಬುದು ಅಲ್ಲಿನ ಎಮ್ಮೆಗಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಗೊತ್ತಾದ ಎಮ್ಮೆ ಹೆಚ್ಚು ದಿನ ಇರುವುದಿಲ್ಲ.

ಮೊಣಕಾಲುದ್ದ ನೀರಿನಲ್ಲಿ ಹಿಡಿದೆ. ಕಾಲು ಉರಿಯತೊಡಗಿತು.

"ನಾನೇ ಬರ್ದೆ ಕಣೋ!" ಎಂದು ಕಿರುಚಿದಳು. "ಮೂರನೇ ಚೂರು ಸಿಕ್ಕಿಲ್ಲ ಅಂತ ನಾನೇ ಬರ್ದೆ. ಹಳೇ ಚೂರೊಂದು ಅಂಟಿಸಿದ್ರೆ ಚಿಲಕ ಬೀಳ್ತಿರ್ಲಿಲ್ಲ. ಹನ್ನೆರಡು ವರ್ಷ ಆ ಪುಸ್ತಕದಲ್ಲಿ ಒಂದು ಸುಳ್ಳು ಬರ್ದಿಲ್ಲ ನಾನು..."

"ಎಲ್ಲಿತ್ತು ಆ ಚೂರು?"

"ಅವಳ ಬೆರಳಲ್ಲಿ! ಕೈಗೆ ಹೊಲ್ಕೊಂಡೋರನ್ನ ಕೆಲಸದಿಂದ ತೆಗೀತಾರೆ. ಅದಕ್ಕೇ ಮುಷ್ಟಿ ಬಿಗಿ ಹಿಡ್ದು ಕೂತಿದ್ಲು. ಹೆಣ ತೊಳೆಯುವಾಗ ನನಗೆ ಚುಚ್ತು."

ನಾನು ಅವಳ ಕೈ ತಿರುಚಿದೆ. ಲಟಕ್ಕೆಂದಿತು. ಹಾಳೆ ಕಿತ್ತುಕೊಂಡೆ.

"ತಗೊಂಡ್ಹೋಗು," ಎಂದಳು. "ಹೊದ್ಕೊಂಡು ಮಲಗು."

ಆಫೀಸಿನಲ್ಲಿ ಮಾಲೀಕ ಲೈಟರ್ ಹಚ್ಚಿದ. ಹಾಳೆ ಸುಟ್ಟಿತು. ಆಶ್‌ಟ್ರೇಯಲ್ಲಿ ಎರಡು ಸೂಜಿ ಚೂರು ಕಪ್ಪಗೆ ಉಳಿದವು.

"ಪೀಡೆ ತೊಲಗ್ತು," ಎಂದ.

ಫೋನ್ ಬಂತು. ಶರ್ಟು ಕೊಳ್ಳುವ ಕಂಪನಿಯ ಮೇಡಂ.

"ನೀವು ಸ್ಕ್ಯಾನ್ ಮಾಡಿ ಕಳಿಸಿದ ಸೂಜಿ ಪುಸ್ತಕದಲ್ಲಿ ಎಂಬತ್ತೆಂಟನೇ ಪುಟ ಇಲ್ಲ. ಒಂದು ಸೂಜಿನೂ ಕಡಿಮೆ ಇದೆ. ಅದರ ಚೂರೆಲ್ಲ ಕೂಡಿಸಿ ತೋರಿಸಿ. ಇಲ್ಲಾಂದ್ರೆ ಎಂಬತ್ತು ಸಾವಿರ ಶರ್ಟೂ ರಿಜೆಕ್ಟ್. ಸುಟ್ಟುಹಾಕಿ."

ಲಾರಿಗಳು ಲೋಡಾಗಿ ನಿಂತಿದ್ದವು. ಎರಡು ವಾರಕ್ಕೊಂದು ಫ್ಯಾಶನ್ನು. ಮುಂದಿನ ವಾರಕ್ಕೆ ಆ ಶರ್ಟು ಹಳಸಿದ ಅನ್ನ.

"ಯಾವ್ದಾದ್ರೂ ಚೂರು ಅಂಟಿಸಿ ಸಾರ್."

"ಲೆನ್ಸ್ ಹಾಕಿ ನೋಡ್ತಾರಯ್ಯ! ಮುರಿದ ಬಾಯಿಗೆ ಮುರಿದ ಬಾಯಿ ಕೂಡ್ಬೇಕು!" ಮೂರನೇ ಚೂರು ಸೂಜಿಯಕ್ಕನಿಗೆ ಸಿಕ್ಕಿದೆ ಎಂದೆ. ಮಾಲೀಕ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಹೋಗು... ಅವರನ್ನ ಕರ್ಕೊಂಡು ಬಾ."

ಅರ್ಧ ಗಂಟೆಯಲ್ಲಿ 'ಅವಳು' 'ಅವರು' ಆಗಿದ್ದಳು!

ಬಂದಳು. ಕಾರ್ಪೆಟ್ಟಿನ ಮೇಲೆ ನೀಲಿ ಹೆಜ್ಜೆ. ಎಡ ಮಣಿಕಟ್ಟು ಊದಿ ಕುಂಬಳವಾಗಿತ್ತು. ಬರೆಯುವ ಕೈ ಬಲದ್ದು... ನನ್ನ ಪುಣ್ಯ. ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಮೂರನೇ ಚೂರು.

"ತಂಗಿ ಹೆಸರು ಹಾಕಿ ನಾನು ಬರೀತೀನಿ. ನೀವು ಸಹಿ ಹಾಕಿ. ಕಾರ್ಬನ್ ಇಟ್ಟು."

"ಹೆಸರು ಯಾಕಮ್ಮ? ಟೋಕನ್ ನಂಬರ್ ಸಾಕು."

"ಹೆಸರು. ಚಿಲಕ ಹಾಕಿದ ಹೊತ್ತು. ತೆಗೆದ ಹೊತ್ತು. ಚೂರು ಯಾರ ಹೆಣದಲ್ಲಿ ಸಿಕ್ತು ಅನ್ನೋದೂ."

"ನನ್ನ ಜೈಲಿಗೆ ಕಳಿಸ್ಬೇಕು ಅಂತಿದೀಯಾ?"

"ಶರ್ಟನ್ನ ಬೆಂಕಿಗೆ ಕಳಿಸ್ತೀರಾ?"

ಮಾಲೀಕ ಗಡಿಯಾರ ನೋಡಿದ. ಕೋರ್ಟು ಕೇಸಿಗೆ ಹತ್ತು ವರ್ಷ. ಶರ್ಟಿಗೆ ಹತ್ತು ದಿನ. ಸಹಿ ಹಾಕಿದ!

ಹಾಳೆ ಸ್ಕ್ಯಾನಾಗಿ ಹೋಯಿತು. ಸೂಜಿಯಕ್ಕ ಫೋನನ್ನೇ ನೋಡುತ್ತ ಕುಳಿತಳು. ಯಾರಾದರೂ ಓದುತ್ತಾರೆ. ಓದಿದವರು ಕೇಳುತ್ತಾರೆ. ಹೇಳಲು ನಾಚಿಕೆ... ನಾನೂ ಕಾದೆ.

ಹತ್ತು ನಿಮಿಷ. ಸ್ಪೀಕರಿನಲ್ಲಿ ಮೇಡಂ ದನಿ.

"ಮೂರೂ ಕರೆಕ್ಟಾಗಿ ಕೂಡಿವೆ. ವೆರಿ ಗುಡ್. ಲಾಟ್ ಪಾಸ್, ಶರ್ಟೆಲ್ಲ ಕಳಿಸಿ. ಮುಂದಿನ ಸಲ ಷರಾ ಇಷ್ಟುದ್ದ ಬೇಡ."

"ಅಷ್ಟೇನಾ?" ಎಂದಳು ಸೂಜಿಯಕ್ಕ. "ಹೆಸರು... ಕೇಳ್ಲಿಲ್ವಾ?"

ಫೋನ್ ಕಟ್ಟಾಗಿತ್ತು. ಮಾಲೀಕ ಹೊಟ್ಟೆ ಕುಲುಕಿಸಿ ನಕ್ಕ.

ಅವಳು ಕಾರ್ಬನ್ ಪ್ರತಿ ಮಡಿಚಿಕೊಂಡು ಎದ್ದಳು. ಮಾಲೀಕ ನನ್ನತ್ತ ಹುಬ್ಬು ಹಾರಿಸಿದ. ಅರ್ಥ ಗೊತ್ತಲ್ಲ? ಹಿಂದೆಯೇ ಹೋದೆ. ಗೇಟಿನ ಬಳಿ ತಿರುಗಿ, ಮೊದಲು ನನ್ನ ಕೈ ನೋಡಿದಳು. ಆಮೇಲೆ ಮುಖ.

"ಬೇಗ ನಡಿಯಕ್ಕ," ಎಂದೆ.

ನನ್ನನ್ನು ಒಳ್ಳೆಯವನು ಅಂದುಕೊಳ್ಳಬೇಡಿ. ಹಳ್ಳದ ನೀರಿಗೆ ಕಾಲು ಬೊಬ್ಬೆ ಎದ್ದಿತ್ತು. ಬೆನ್ನಟ್ಟಿ ಓಡಲು ಆಗುತ್ತಿರಲಿಲ್ಲ. ಆ ನೀಲಿ ಇನ್ನೂ ಹೋಗಿಲ್ಲ, ನೋಡಿ.

ಆ ಕಾರ್ಬನ್ ಪ್ರತಿಯಿಂದ ಕೇಸಾಯಿತು. ಮೊದಲ ವಿಚಾರಣೆ ಬರುವ ವರ್ಷವಂತೆ. ಮಾಲೀಕ ಹೊರಗಿದ್ದಾನೆ. ಸೂಜಿಯಕ್ಕನಿಗೆ ಕೆಲಸ ಹೋಗಿದೆ.

ಅದಿರಲಿ. ನೀವು ತೊಟ್ಟ ಶರ್ಟು ಚೆನ್ನಾಗಿದೆ. ನೀಲಿ ನಿಮಗೆ ಒಪ್ಪುತ್ತದೆ. ಅದೇ ಲಾಟು ಅಂತ ಕಾಣುತ್ತದೆ. ಯಾಕೆ ಹಾಗೆ ಕಾಲರ್ ಮುಟ್ಟಿ ನೋಡಿಕೊಳ್ಳುತ್ತೀರಿ?

ಧೈರ್ಯವಾಗಿ ಹಾಕಿಕೊಳ್ಳಿ ಸ್ವಾಮಿ... ಅದರಲ್ಲಿ ಸೂಜಿ ಇಲ್ಲ!